ಸೊಟ್ಟ ಹೆಗಲಿನ ಹೆಣ

"ಮೇಡಂ, ಹೆಣ ಕಾಣ್ತಿಲ್ಲ."

ಬೆಳಿಗ್ಗೆ ಬೆಳಿಗ್ಗೆ ಠಾಣೆಯ ಫೋನಿನಲ್ಲಿ ಇಂಥ ಮಾತು. ಇನ್‌ಸ್ಪೆಕ್ಟರಮ್ಮ ಚಹಾದ ಲೋಟ ಕೆಳಗಿಟ್ಟರು.

"ಯಾರ ಹೆಣ?"

"ನಮ್ಮದು."

"ನೀವು ಮಾತಾಡ್ತಾನೇ ಇದ್ದೀರಲ್ಲ ಮೇಷ್ಟ್ರೇ."

ಆ ಕಡೆ ನಾಟಕದ ಮೇಷ್ಟ್ರು ನಗಲಿಲ್ಲ. ಸಂಜೆಗೆ ನಾಟಕ. ಕಾಣೆಯಾಗಿದ್ದು ಅದರೊಳಗಿನ ಹೆಣ. ಗೋಣಿಬಟ್ಟೆಗೆ ಹುಲ್ಲು ತುಂಬಿ ಹೊಲಿದು ಅಂಗಿ ತೊಡಿಸಿದ, ಆಳೆತ್ತರದ ಗೊಂಬೆ.

ನಾಟಕ ಆಡಲು ಹೊರಟವರು ಊರಿನ ಓದುಕೂಟದವರು. ಪ್ರತಿ ಭಾನುವಾರ ಹಳೇ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿ ಒಂದು ಪುಸ್ತಕ ಓದಿ ಜಗಳಾಡುವುದು ಅವರ ರೂಢಿ. ಒಂದು ಸಲ ಗ್ರೀಕರ ಹಳೆಯ ದುರಂತ ನಾಟಕವೊಂದು ಕೈಗೆ ಸಿಕ್ಕಿತು. ಸತ್ತವನೊಬ್ಬನಿಗೆ ಯಾರೂ ಮಣ್ಣು ಹಾಕಕೂಡದು, ನಾಯಿ ನರಿ ತಿನ್ನಲಿ ಎಂದು ರಾಜನ ಆಜ್ಞೆ. ಸತ್ತವನ ತಂಗಿ ಆಜ್ಞೆಯನ್ನು ಕಾಲಕಸ ಮಾಡಿ ಅಣ್ಣನಿಗೆ ಮಣ್ಣು ಹಾಕುತ್ತಾಳೆ. ಸಾವಿರಾರು ವರ್ಷ ಹಿಂದಿನ ಕಥೆ. ರಾಜರು ಹೋದರು, ಆಜ್ಞೆ ಮಾತ್ರ ಉಳಿದಿದೆ. ಓದಿ ಮುಗಿಸಿದ ದಿನ ಯಾರೂ ಜಗಳಾಡಲಿಲ್ಲ, ಯಾರೂ ಎದ್ದು ಮನೆಗೂ ಹೋಗಲಿಲ್ಲ. ಕೊನೆಗೆ ಟೈಲರಮ್ಮ ಬಾಯಿಬಿಟ್ಟಳು.

"ಇದನ್ನ ಕ್ವಾರಿಯಲ್ಲೇ ಆಡಬೇಕು."

ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಊರಾಚೆಯ ಕಲ್ಲುಕ್ವಾರಿ ನಿಂತುಹೋಗಿ ವರ್ಷಗಳಾಗಿದ್ದವು. ಮೂರು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಂಡೆ, ನಡುವೆ ಬಟ್ಟಲಿನಂಥ ತಗ್ಗು. ಕೆಳಗೆ ಪಿಸುಗುಟ್ಟಿದರೆ ಮೇಲೆ ಕೇಳುತ್ತದೆ. ಗ್ರೀಕರು ದುಡ್ಡು ಸುರಿದು ಕಟ್ಟಿಸಿಕೊಂಡ ರಂಗಮಂದಿರವನ್ನು ಇಲ್ಲಿ ಕೂಲಿಯವರು ಪುಕ್ಕಟೆ ಕಡಿದುಕೊಟ್ಟಿದ್ದರು. ಟೈಲರಮ್ಮನ ಅಣ್ಣ ಆ ಕೂಲಿಯವರಲ್ಲಿ ಒಬ್ಬ. ಒಂದು ದಿನ ಬಂಡೆ ಸಿಡಿಸಿದರು. ಸಂಜೆ ಎಲ್ಲರೂ ಮನೆಗೆ ಬಂದರು, ಅವನು ಬರಲಿಲ್ಲ. 'ಅವನು ಕೆಲಸ ಬಿಟ್ಟು ಓಡಿಹೋದ' ಎಂದ ಕ್ವಾರಿ ಸಾಹುಕಾರ. ಪೊಲೀಸರು ಹಾಗೇ ಬರೆದುಕೊಂಡರು. ಹೆಣ ಇಲ್ಲ ಅಂದರೆ ಸಾವಿಲ್ಲ, ಸಾವಿಲ್ಲ ಅಂದರೆ ತಪ್ಪಿಲ್ಲ, ತಪ್ಪಿಲ್ಲ ಅಂದರೆ ಸಾಹುಕಾರ ಸಜ್ಜನ. ಲೆಕ್ಕ ಚೊಕ್ಕ. ಅಂದಿನಿಂದ ಟೈಲರಮ್ಮನಿಗೆ ಊರು ಇಟ್ಟ ಹೆಸರು 'ಓಡಿಹೋದವನ ತಂಗಿ.' ಅಣ್ಣ ಓಡಿಹೋಗುವವನಲ್ಲ ಎಂದು ಅವಳು ಹೇಳಿದಳು, ಹೇಳಿದಳು, ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಳು. ಈಗ ನಾಟಕದಲ್ಲಿ ತಂಗಿಯ ಪಾತ್ರ ಅವಳದೇ.

ಗುತ್ತಿಗೆ ಮುಗಿದ ಕ್ವಾರಿ ಪುರಸಭೆಗೆ ಬಂದಿತ್ತು. ಪುರಸಭೆ ಅನುಮತಿ ಕೊಟ್ಟಿತು, ಸಾಹುಕಾರನ ಮೋರೆ ನೋಡಿ ಒಂದು ಷರತ್ತನ್ನೂ ಕೊಟ್ಟಿತು. ಮೊಹರು ಒತ್ತಿದ ಪ್ರತಿಯಲ್ಲಿ ಇರುವುದಕ್ಕಿಂತ ಒಂದಕ್ಷರ ಹೆಚ್ಚುಕಮ್ಮಿ ಆಡಬಾರದು. ಗಲಾಟೆಯಾದರೆ ನಾಟಕ ರದ್ದು. ತಾಲೀಮಿನಲ್ಲಿ ಆ ಪ್ರತಿ ಹಿಡಿದು ಕೂತು ಅಕ್ಷರ ಕಾಯುವ ಕೆಲಸ ಇನ್‌ಸ್ಪೆಕ್ಟರಮ್ಮನ ಪಾಲಿಗೆ ಬಂದಿತ್ತು. ಕಳ್ಳರನ್ನು ಹಿಡಿಯಬೇಕಾದ ಸರ್ಕಾರ ಕಾಗುಣಿತ ಹಿಡಿಯಲು ಹೊರಟಿತ್ತು. ಅದೂ ಒಂದು ದಿನ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

* * *

ಕ್ವಾರಿಯ ಬಾಯಲ್ಲಿ, ಲಾರಿ ಇಳಿಯುತ್ತಿದ್ದ ದಾರಿಯ ಪಕ್ಕ, ಹೆಣ ಮಲಗಿಸಿದ್ದ ಜಾಗ ಬರಿದಾಗಿತ್ತು. ಧೂಳಿನಲ್ಲಿ ಮೈಯ ಅಚ್ಚು ಮಾತ್ರ ಉಳಿದಿತ್ತು.

"ಆಡು ತಿಂದಿರಬೇಕು ಮೇಡಂ," ಎಂದ ದಫೇದಾರ. "ಹುಲ್ಲಿನ ಮನುಷ್ಯ ಅಲ್ವಾ."

"ಅಂಗಿ ಸಮೇತ?"

"ಹಸಿದ ಆಡಿಗೆ ಅಂಗಿ ಏನು, ಟೊಪ್ಪಿ ಏನು."

ಇನ್‌ಸ್ಪೆಕ್ಟರಮ್ಮ ಕೂತು ನೋಡಿದರು. ಅಚ್ಚಿನ ಅಂಚು ಕೆಡದೆ ನಿಂತಿತ್ತು. ಗೊಂಬೆಯನ್ನು ಯಾರೂ ಎಳೆದಿರಲಿಲ್ಲ. ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿದ್ದರು.

ಅಷ್ಟರಲ್ಲಿ ಮೇಲೆ ಜೀಪು ನಿಂತಿತು. ಸಾಹುಕಾರನ ಮ್ಯಾನೇಜರು ಕನ್ನಡಕ ಒರೆಸುತ್ತ ಇಳಿದು ಬಂದ. ಕಳವು ಅಂದರೆ ಗಲಾಟೆ, ಗಲಾಟೆ ಅಂದರೆ ರದ್ದು, ಷರತ್ತೇ ಹಾಗಿದೆ ಎಂದು ಕೇಳದೆಯೇ ವಿವರಿಸಿದ. ಇಷ್ಟು ಬೇಗ ಸುದ್ದಿ ಹೇಗೆ ತಿಳಿಯಿತು ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು. ತಾನಂತೂ ನಿನ್ನೆಯಿಂದ ಈ ಕಡೆ ಕಾಲಿಟ್ಟಿಲ್ಲ ಎಂದು ಅವನು ಉತ್ತರ ಕೊಟ್ಟ.

"ಕಾಲಿಟ್ರಾ ಅಂತ ನಾನು ಕೇಳಲಿಲ್ಲವಲ್ಲ."

ಅವನು ಮತ್ತೆ ಕನ್ನಡಕ ಒರೆಸಿಕೊಂಡ. ದಫೇದಾರ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ನೋಡಿ ಮೇಡಂ. ಒಳಗೆ ಹಾಕೋಣ್ವಾ?"

ಆ ಗಾದೆ ಇನ್‌ಸ್ಪೆಕ್ಟರಮ್ಮನ ತಲೆಯಲ್ಲಿ ಎಲ್ಲೋ ಹೋಗಿ ತಗುಲಿಕೊಂಡಿತು. ಹೆಗಲು ಮುಟ್ಟಿಕೊಂಡವರನ್ನು ಅವರು ಇತ್ತೀಚೆಗೆ ಕಂಡಿದ್ದರು. ಆದರೆ ಅದು ಈ ಮ್ಯಾನೇಜರು ಅಲ್ಲ.

ಜೀಪಿನ ಗಾಲಿಗುರುತು ಮೇಲೆ, ದಾರಿಗೆ ಅಡ್ಡ ಕಟ್ಟಿದ್ದ ಸರಪಳಿಯ ಹತ್ತಿರವೇ ನಿಂತಿತ್ತು. ಸರಪಳಿಗೆ ತುಕ್ಕು ಹಿಡಿದು ಬೀಗ ಕಚ್ಚಿಕೊಂಡಿತ್ತು, ಯಾರೂ ತೆಗೆದಿರಲಿಲ್ಲ. ಹುಲ್ಲಿನ ಎಳೆಗಳು ಬೇರೆಯೇ ದಾರಿ ತೋರಿಸುತ್ತಿದ್ದವು. ಒಂದು ಮುಳ್ಳಿನ ಪೊದೆಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಬಂಡೆಯ ಸಂದಿನಲ್ಲಿತ್ತು. ಎಲ್ಲವೂ ಹೊರಗಲ್ಲ, ಒಳಮುಖವಾಗಿ ಹೋಗಿದ್ದವು. ನಾಟಕ ಕೆಡಿಸಬೇಕೆಂದವನು ಗೊಂಬೆಯನ್ನು ಹೊರಗೆ ಒಯ್ಯುತ್ತಾನೆ, ಇಲ್ಲವೆ ಅಲ್ಲೇ ಸುಡುತ್ತಾನೆ. ಇವನು ಕ್ವಾರಿಯ ಒಳಗೇ ಹೊತ್ತೊಯ್ದಿದ್ದ.

ತಗ್ಗಿನ ತುದಿಯಲ್ಲಿ, ಎತ್ತರದ ಬಂಡೆಯ ಬುಡಕ್ಕೆ, ಕಲ್ಲುಪುಡಿ ಸುರಿದು ಮಟ್ಟ ಮಾಡಿದ ಒಂದು ದಿಬ್ಬವಿತ್ತು. ಮೇಷ್ಟ್ರಿಗೆ ಅದರ ಮೇಲೆ ಪ್ರಾಣ. ಪ್ರಕೃತಿಯೇ ಹಾಕಿಕೊಟ್ಟ ವೇದಿಕೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾಟಕದ ರಾಜ ನಿಲ್ಲುವುದು ಅದರ ಮೇಲೆ. ಹುಲ್ಲಿನ ಎಳೆಗಳು ಅದರ ಅಂಚಿಗೆ ಬಂದು ಮುಗಿದವು. ಅಲ್ಲಿ ಕಲ್ಲುಗಳನ್ನು ಹೊಸದಾಗಿ ಜೋಡಿಸಿದ್ದರು. ಸಂದುಗಳಿಗೆ ಹಸಿ ಮಣ್ಣು. ಮಣ್ಣಿನ ಮೇಲೆ ಒಂದರ ಪಕ್ಕ ಒಂದು ದುಂಡನೆ ಒತ್ತುಗಳು, ಯಾರೋ ಕೋಲಿನ ತುದಿಯಿಂದ ತಾಳ್ಮೆಯಾಗಿ ಜಡಿದ ಹಾಗೆ. ಒಂದು ಒತ್ತಿನೊಳಗೆ ಚೂರು ಹೊಳಪು. ಚಿನ್ನದ ಬಣ್ಣ.

ಇನ್‌ಸ್ಪೆಕ್ಟರಮ್ಮ ಎದ್ದು ನಿಂತು ಏನೂ ಕಾಣದವರ ಹಾಗೆ ಕೈ ಕೊಡವಿಕೊಂಡರು.

* * *

ಬಟ್ಟೆಬರೆ ಇಡುವ ತಗಡಿನ ಶೆಡ್ಡಿನಲ್ಲಿ ಮೇಷ್ಟ್ರು ತಲೆಮೇಲೆ ಕೈಹೊತ್ತು ಕೂತಿದ್ದರು. ಇದು ನೀವೇ ಮಾಡಿದ್ದಲ್ಲ ತಾನೆ, ಪತ್ರಿಕೆಯಲ್ಲಿ ಬರಲಿ ಅಂತ, ಎಂದು ಇನ್‌ಸ್ಪೆಕ್ಟರಮ್ಮ ನೇರವಾಗಿಯೇ ಕೇಳಿದರು. ಮೇಷ್ಟ್ರಿಗೆ ಸಿಟ್ಟು ಬರುವ ಬದಲು ಕಣ್ಣು ತುಂಬಿತು. ಟಿಕೆಟ್ಟೇ ಇಲ್ಲದ ನಾಟಕಕ್ಕೆ ಪ್ರಚಾರ ಯಾಕೆ ಬೇಕು ಎಂದರು. ಆ ಹುಡುಗಿಗೆ ಒಂದು ಸಲ ಎಲ್ಲರ ಎದುರು ನಿಂತು ಅಣ್ಣ ಅಂತ ಕೂಗೋಕೆ ಸಿಕ್ಕರೆ ಸಾಕು ಎಂದಿದ್ದೆ, ಅದೂ ಹೋಯಿತು ಎಂದರು. ಇನ್‌ಸ್ಪೆಕ್ಟರಮ್ಮ ಆ ಸಂಶಯವನ್ನು ಅಲ್ಲೇ ಕೈಬಿಟ್ಟರು.

ಮೂಲೆಯಲ್ಲಿ ರಾಜದಂಡ ಒರಗಿತ್ತು. ಹಳೇ ಮರದ ಕೋಲಿಗೆ ಚಿನ್ನದ ಬಣ್ಣ. ಅವರು ಅದರ ಬುಡ ಸವರಿ ಬೆರಳು ನೋಡಿಕೊಂಡರು.

"ಈ ಕೋಲು ಯಾರದು?"

"ಗುಡುಗಿಂದು. ಮನೆಯಲ್ಲಿ ಬಿದ್ದಿತ್ತು ಅಂತ ತಂದ. ಬಣ್ಣ ನಾವು ಬಳಿದಿದ್ದು."

ಗುಡುಗು ಅಂದರೆ ರಾಜನ ಪಾತ್ರಧಾರಿ. ಮೊದಲು ಇದೇ ಕ್ವಾರಿಯಲ್ಲಿ ಮದ್ದು ಹೊಡೆಯುತ್ತಿದ್ದ ಮುದುಕ. ಬಂಡೆ ಸಿಡಿಸುವ ಮುನ್ನ ಅವನು ಎಚ್ಚರಿಕೆ ಕೂಗಿದರೆ ಆಚೆ ಗುಡ್ಡದವರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಟೈಲರಮ್ಮನ ಅಣ್ಣ ಮೇಲೆ ಹತ್ತಿ ಹೋಗಿದ್ದನ್ನು ಕಂಡೆ ಎಂದು ಅಂದು ಪೊಲೀಸರಿಗೆ ಹೇಳಿದವನೂ ಅವನೇ. ಗುಡುಗು ಮಾಮ ಹೊಗೆಯಲ್ಲಿ ಯಾರನ್ನೋ ನೋಡಿ ತಪ್ಪು ತಿಳಿದಿದ್ದಾನೆ ಎಂದು ಟೈಲರಮ್ಮ ನಂಬಿದ್ದಳು. ಅವನನ್ನು ಕಂಡರೆ ಅವಳಿಗೆ ಸಿಟ್ಟಿರಲಿಲ್ಲ. ಅಣ್ಣ ಹೋದ ಮೇಲೆ ಹೊಲಿಗೆ ಯಂತ್ರದ ಬೆಲ್ಟು ಕಡಿದರೆ, ಸೂರು ಸೋರಿದರೆ, ಕರೆಯದೆಯೂ ಬಂದು ನಿಲ್ಲುತ್ತಿದ್ದವನು ಅವನೊಬ್ಬನೇ. ರಾಜನ ಪಾತ್ರ ಬೇಡವೇ ಬೇಡ ಎಂದು ಅವನು ಎದ್ದು ಹೋಗಿದ್ದ. 'ನಿನ್ನ ಗಂಟಲು ಇಲ್ಲದಿದ್ದರೆ ನನ್ನ ನಾಟಕ ಇಲ್ಲ ಮಾಮ' ಎಂದು ಅವಳು ಹೇಳಿದ ಮೇಲೆ ವಾಪಸು ಬಂದಿದ್ದ.

* * *

ಟೈಲರಮ್ಮನ ಅಂಗಡಿ ಒಂದು ಬಾಗಿಲಗಲ. ಒಂದು ಯಂತ್ರ, ಒಂದು ಸ್ಟೂಲು, ಕಾಲಿಗೆ ತೊಡರುವಷ್ಟು ಚಿಂದಿ. ಇನ್‌ಸ್ಪೆಕ್ಟರಮ್ಮ ಸ್ಟೂಲಿನ ಮೇಲೆ ಕೂತು ಗೊಂಬೆಯ ವಿಚಾರ ತೆಗೆದರು. ಇಷ್ಟು ದಿನ ತಾಲೀಮಿನಲ್ಲಿ ಹೆಣದ ಜಾಗದಲ್ಲಿ ಸುತ್ತಿದ ಚಾಪೆ ಇಡುತ್ತಿದ್ದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಗೊಂಬೆ ಬಂದಿದ್ದು ನಿನ್ನೆ. ಬಂದ ದಿನವೇ ಹೋಯಿತು.

"ಆ ಅಂಗಿ ಎಲ್ಲಿಂದ ತಂದೆ?"

"ನಾನೇ ಹೊಲಿದೆ ಮೇಡಂ. ನೀಲಿ ಬಟ್ಟೆ. ಚೂರು ಉಳಿದಿದೆ ನೋಡಿ."

"ಎಡ ಹೆಗಲು ಇಳಿದಿತ್ತು. ಎಲ್ಲರೂ ನಕ್ಕರು. ಟೈಲರ್ ಹೊಲಿದ ಹೆಣಕ್ಕೇ ಸೊಟ್ಟ ಹೆಗಲು ಅಂತ."

ಟೈಲರಮ್ಮ ಕತ್ತರಿ ಕೆಳಗಿಟ್ಟಳು.

"ಅಳತೆ ಬೇಕಲ್ಲ ಮೇಡಂ, ಯಾರದಾದರೂ. ಕೈ ತಾನಾಗಿ ಅಣ್ಣನ ಅಳತೆ ಕತ್ತರಿಸಿತು. ಕಲ್ಲು ಹೊತ್ತು ಹೊತ್ತು ಅವನ ಎಡ ಹೆಗಲು ಇಳಿದಿತ್ತು. ಅವನ ಅಂಗಿಗೆ ನಾನು ಯಾವಾಗಲೂ ಆ ಕಡೆ ಒಂದು ಬೆರಳು ಕಮ್ಮಿ ಇಡ್ತಿದ್ದೆ. ಸೊಟ್ಟ ಅಂದ್ರು, ನಗಲಿ ಅಂತ ಬಿಟ್ಟೆ."

ಇನ್‌ಸ್ಪೆಕ್ಟರಮ್ಮನ ತಲೆಯಲ್ಲಿ ದಫೇದಾರನ ಗಾದೆ ಬಿಚ್ಚಿಕೊಂಡಿತು. ನಿನ್ನೆ ಎಲ್ಲರೂ ಗೊಂಬೆಯ ಹೆಗಲು ನೋಡಿ ನಗುವಾಗ ಒಬ್ಬ ಮಾತ್ರ ನಕ್ಕಿರಲಿಲ್ಲ. ಅವನ ಕೈ ಅವನಿಗೇ ಗೊತ್ತಿಲ್ಲದೆ ತನ್ನ ಎಡ ಹೆಗಲಿಗೆ ಹೋಗಿತ್ತು.

"ನಾಟಕ ರದ್ದಾಗುತ್ತಾ ಮೇಡಂ?" ಟೈಲರಮ್ಮ ಕೇಳಿದಳು. "ಆದರೆ ಊರಿಗೆ ಅವನು ಓಡಿಹೋದವನೇ ಆಗಿ ಉಳಿದುಬಿಡ್ತಾನೆ."

"ಎಲ್ಲರನ್ನೂ ಕ್ವಾರಿಗೆ ಕರಿ. ಹೆಣ ಇಲ್ಲದೆ ಒಂದು ತಾಲೀಮು ಮಾಡೋಣ."

* * *

ಮಧ್ಯಾಹ್ನದ ಬಿಸಿಲು ಬಟ್ಟಲಿನಲ್ಲಿ ತುಂಬಿತ್ತು. ಓದುಕೂಟದವರು ಮೇಳವಾಗಿ ಸಾಲುನಿಂತರು. ಮ್ಯಾನೇಜರು ಒಂದು ಬಂಡೆಯ ನೆರಳು ಹಿಡಿದು ಕೂತ. ಇನ್‌ಸ್ಪೆಕ್ಟರಮ್ಮ ಮೊಹರಿನ ಪ್ರತಿ ತೆರೆದು, ರಾಜನ ಮೊದಲ ಆಜ್ಞೆಯಿಂದ ಶುರುಮಾಡಿ ಎಂದರು.

ಗುಡುಗು ದಂಡ ಹಿಡಿದು ದಿಬ್ಬ ಹತ್ತಿದ. ಯಾವತ್ತಿನ ಹಾಗೆ ತೀರಾ ಅಂಚಿನಲ್ಲಿ ನಿಂತ. ಯಾವತ್ತಿನ ಹಾಗೆ ಮೇಷ್ಟ್ರು ಗೊಣಗಿದರು. "ರಾಜ ಕಣಯ್ಯ, ನಡುವೆ ನಿಲ್ಲು. ಬಸ್ಸಿಗೆ ಕಾಯೋನ ಹಾಗೆ ನಿಲ್ತೀಯಲ್ಲ." ಅವನು ಕದಲಲಿಲ್ಲ. ಮಾತು ಶುರುಮಾಡಿದ. ಬಂಡೆಗಳು ಆ ದನಿಯನ್ನು ಎತ್ತಿಕೊಂಡು ಮೂರು ಕಡೆಗೂ ಹಂಚಿದವು.

"ಇವನಿಗೆ ಯಾರೂ ಮಣ್ಣು ಹಾಕಕೂಡದು. ಇವನಿಗಾಗಿ ಯಾರೂ ಅಳಕೂಡದು. ಇವನು ಇಲ್ಲೇ ಬಿದ್ದಿರಲಿ."

"ಅಲ್ಲೇ," ಎಂದರು ಮೇಷ್ಟ್ರು, ದಣಿದ ದನಿಯಲ್ಲಿ. "ಎಷ್ಟು ಸಲ ಹೇಳೋದು ಗುಡುಗು. ಹೆಣ ಇರೋದು ಅಲ್ಲಿ, ಊರ ಹೊರಗೆ. 'ಅಲ್ಲೇ ಬಿದ್ದಿರಲಿ.' ಒಂದಕ್ಷರ."

"ತಿದ್ದಬೇಡಿ ಮೇಷ್ಟ್ರೇ," ಎಂದರು ಇನ್‌ಸ್ಪೆಕ್ಟರಮ್ಮ. ಎದ್ದು ದಿಬ್ಬದ ಹತ್ತಿರ ಬಂದರು. "ಅಕ್ಷರ ಕಾಯೋದು ನನ್ನ ಕೆಲಸ. ಉಳಿದ ಮಾತನ್ನೆಲ್ಲ ಇವರು ಚಾಚೂ ತಪ್ಪದೆ ಹೇಳ್ತಾರೆ. ಈ ಒಂದು ಮಾತು ಒಂದು ತಾಲೀಮಿನಲ್ಲೂ 'ಅಲ್ಲೇ' ಆಗಲಿಲ್ಲ. ನಾಲಿಗೆ ತೊದಲೋದಾದರೆ ಒಮ್ಮೆ ಹಾಗೆ, ಒಮ್ಮೆ ಹೀಗೆ ತೊದಲುತ್ತೆ. ಇದು ತೊದಲಲ್ಲ. ಎಲ್ಲಿ ಗುಡುಗು? ಇಲ್ಲೇ ಅಂದರೆ ಎಲ್ಲಿ?"

ಅವರು ಬಗ್ಗಿ ದಂಡದ ಬುಡ ತೋರಿಸಿದರು.

"ದಂಡದ ಬುಡದಲ್ಲಿ ಹಸಿ ಮಣ್ಣಿದೆ. ನಿಮ್ಮ ಕಾಲ ಹತ್ತಿರದ ಕಲ್ಲುಸಂದಿನಲ್ಲಿ ಚಿನ್ನದ ಬಣ್ಣ ಇದೆ. ಮದ್ದು ತುಂಬಿದ ತೂತಿಗೆ ಮಣ್ಣು ಜಡಿಯೋದು ಮರದ ಕೋಲಿನಲ್ಲಿ. ಕಬ್ಬಿಣ ತಾಗಿದರೆ ಕಿಡಿ ಹಾರುತ್ತೆ ಅಂತ. ಇದು ನಿಮ್ಮ ಆ ಹಳೇ ಕೋಲು. ಇಷ್ಟು ಅಚ್ಚುಕಟ್ಟಾಗಿ ಮಣ್ಣು ಜಡಿದು ಹೂಳೋ ಕೈ ಈ ಮೇಳದಲ್ಲಿ ಇನ್ಯಾರದೂ ಇಲ್ಲ. ಚಾಪೆ ಇದ್ದಷ್ಟು ದಿನ ನೀವು ಸುಮ್ಮನಿದ್ರಿ. ನಿನ್ನೆ ಆ ಇಳಿದ ಹೆಗಲು ನೋಡಿದಿರಿ. ಎಲ್ಲರಿಗೂ ಅದು ಸೊಟ್ಟ ಹೊಲಿಗೆ. ಆ ಹೆಗಲಿನ ಜತೆ ಕೆಲಸ ಮಾಡಿದ್ದ ನಿಮಗೆ ಮಾತ್ರ ಅದು ಮನುಷ್ಯ. ಮಣ್ಣಿಲ್ಲದೆ ಬಿದ್ದಿದ್ದಾನೆ ಅಂತ ಬಿಟ್ಟು ಹೋಗೋಕಾಗಲಿಲ್ಲ. ಇದು ನನಗೆ ಗೊತ್ತಾಗಿದೆ. ಗೊತ್ತಾಗದ್ದು ಒಂದೇ. ಹೂಳೋಕೆ ಇಷ್ಟು ದೊಡ್ಡ ಕ್ವಾರಿ ಇರುವಾಗ ಈ ದಿಬ್ಬವೇ ಯಾಕೆ? ನೀವು ಯಾವತ್ತೂ ಇದರ ನಡುವೆ ಯಾಕೆ ಕಾಲಿಡಲ್ಲ?"

ಮೇಳದ ಸಾಲಿನಿಂದ ಟೈಲರಮ್ಮ ಮುಂದೆ ಬಂದಳು.

"ಎಲ್ಲಿ ಮಾಮ?"

ಅವನು ದಂಡವನ್ನು ಕೆಳಗಿಟ್ಟು ಅದರ ಪಕ್ಕ ಕುಸಿದ. ಅಂಗೈಯನ್ನು ಕಲ್ಲುಪುಡಿಯ ಮೇಲೆ ಚಪ್ಪಟೆಯಾಗಿ ಊರಿದ.

"ಇಲ್ಲೇ ಮಗಳೇ. ಇದರ ಕೆಳಗೆ."

* * *

ಆಮೇಲೆ ಅವನು ಹೇಳಿದ್ದನ್ನು ದಫೇದಾರ ಬರೆದುಕೊಂಡ. ಮದ್ದು ತುಂಬಿ, ಕೂಗಿ, ಆಳುಗಳೆಲ್ಲ ಮೇಲೆ ಬಂದರೋ ಇಲ್ಲವೋ ಎಂದು ತಲೆ ಎಣಿಸಿ, ಆಮೇಲೆ ಕಿಡಿ ಮುಟ್ಟಿಸುವುದು ಪದ್ಧತಿ. ಅಂದು ಲಾರಿಗಳು ಕಾಯುತ್ತಿದ್ದವು. ಕೂಗಿದ್ದಾಯಿತಲ್ಲ, ಹಚ್ಚು ಎಂದು ಸಾಹುಕಾರ ತಲೆಮೇಲೆ ನಿಂತಿದ್ದ. ಗುಡುಗು ಎಣಿಸದೆ ಹಚ್ಚಿದ. ಮರೆತ ಉಳಿ ತರಲು ಅವಳ ಅಣ್ಣ ವಾಪಸು ಇಳಿದಿದ್ದ. ಬಂಡೆ ಅವನ ಮೇಲೆಯೇ ಬಂತು. ಅಗೆದರೆ ಕ್ವಾರಿ ಮುಚ್ಚುತ್ತದೆ, ನೀನು ಜೈಲಿಗೆ ಹೋಗುತ್ತೀಯ, ಓಡಿಹೋಗಿದ್ದು ನೋಡಿದೆ ಅನ್ನು ಎಂದ ಸಾಹುಕಾರ. ಸಂಜೆಯೊಳಗೆ ಲಾರಿಗಟ್ಟಲೆ ಕಲ್ಲುಪುಡಿ ಬಂದು ಬಿತ್ತು. ಮಟ್ಟ ಮಾಡಿಸಿದ್ದು ಇದೇ ಮ್ಯಾನೇಜರು. ಪ್ರಕೃತಿ ಹಾಕಿಕೊಟ್ಟ ವೇದಿಕೆ ತಯಾರಾಗಿದ್ದು ಹೀಗೆ.

ಮ್ಯಾನೇಜರು ಆ ಹೊತ್ತಿಗೆ ಜೀಪಿನ ಕಡೆ ಸರಿಯುತ್ತಿದ್ದ. ಜೀಪಿನ ಬಾಗಿಲಿಗೆ ಒರಗಿ ಪೇದೆಯೊಬ್ಬ ನಿಂತಿದ್ದ. ಸಾಹುಕಾರನನ್ನು ಕರೆತರಲು ಇನ್ನಿಬ್ಬರು ಹೊರಟರು. ದಿಬ್ಬ ಅಗೆಯಲು ದಂಡಾಧಿಕಾರಿ ಬರಬೇಕು, ಅದು ನಾಳೆ. ದಿಬ್ಬದ ಸುತ್ತ ಪೊಲೀಸರ ಪಟ್ಟಿ ಬಿಗಿದರು.

ಟೈಲರಮ್ಮ ಗುಡುಗಿನ ಎದುರು ಬಂದು ನಿಂತಳು. ಅವನು ತಲೆ ಎತ್ತಲಿಲ್ಲ. ಹೊಡೆದರೆ ಹೊಡೆಯಲಿ ಎಂಬಂತೆ ಕೂತಿದ್ದ.

"ನನ್ನ ಅಣ್ಣನಿಗೆ ಮಣ್ಣು ಹಾಕಿದೆ. ಅದಕ್ಕೆ ನಾನು ಸಾಯೋವರೆಗೂ ನಿನಗೆ ಋಣಿ ಮಾಮ," ಎಂದಳು. "ಸುಳ್ಳು ಹೇಳಿದೆ. ಅದಕ್ಕೆ ನೀನು ಕೋರ್ಟಿನಲ್ಲಿ ನಿಲ್ಲಬೇಕು, ನಾನೂ ಎದುರು ನಿಲ್ತೀನಿ. ಇದನ್ನ ಅದಕ್ಕೆ ವಜಾ ಹಾಕಲ್ಲ."

ಅವನು ತಲೆಯಾಡಿಸಿದ. ಹೌದು ಎಂದೋ, ಸಾಕು ಎಂದೋ.

ಮೇಷ್ಟ್ರು ಮೆಲ್ಲಗೆ, ನಾಟಕ ಇನ್ನು ಬೇಡ ಎಂದರು. ಹೆಣವೇ ಇಲ್ಲದೆ ಹೇಗೆ?

"ಹೆಣ ಇದೆಯಲ್ಲ ಮೇಷ್ಟ್ರೇ," ಎಂದಳು ಅವಳು. "ಯಾವಾಗಲೂ ಇತ್ತು. ಈಗ ಜಾಗ ಗೊತ್ತಾಯ್ತು, ಅಷ್ಟೇ."

ಎಲ್ಲರೂ ಇನ್‌ಸ್ಪೆಕ್ಟರಮ್ಮನನ್ನು ನೋಡಿದರು. ಅವರು ಅನುಮತಿಯ ಹಾಳೆ ತಿರುವಿದರು. ಗೊಂಬೆ ಇರುವ ಜಾಗ ಸಿಕ್ಕಿದೆ, ಆದ್ದರಿಂದ ಕಳವಿಲ್ಲ, ಕಳವಿಲ್ಲದ ಮೇಲೆ ಗಲಾಟೆಯಿಲ್ಲ ಎಂದು ಓದುವವರ ಹಾಗೆ ಹೇಳಿದರು. "ಪಾತ್ರಧಾರಿಗಳ ಹೆಸರಿಗೂ ಮೊಹರು ಬಿದ್ದಿದೆ. ರಾಜ ಇವರೇ. ಬದಲಾಯಿಸೋ ಅಧಿಕಾರ ನನಗಿಲ್ಲ. ನಾಟಕ ಮುಗಿದ ಮೇಲೆ ಠಾಣೆಗೆ ಬರ್ತಾರೆ."

* * *

ಸಂಜೆ ಮೆಟ್ಟಿಲು ಮೆಟ್ಟಿಲಿನಲ್ಲೂ ಜನ. ಸುದ್ದಿ ಊರಿಡೀ ಹರಡಿತ್ತು. ಹಿಂದೆ ಇಲ್ಲಿ ಕಲ್ಲು ಕಡಿದವರು ತಾವು ಕಡಿದ ಕಲ್ಲಿನ ಮೇಲೆಯೇ ಬಂದು ಕೂತರು. ದಿಬ್ಬದ ಮೇಲೆ ಯಾರೂ ಹತ್ತಲಿಲ್ಲ. ರಾಜ ಪಟ್ಟಿಯ ಈಚೆ ಬರಿಗೈಯಲ್ಲಿ ನಿಂತ. ದಂಡ ಠಾಣೆ ಸೇರಿತ್ತು.

"ಇವನಿಗೆ ಯಾರೂ ಮಣ್ಣು ಹಾಕಕೂಡದು," ಎಂದ. ದನಿ ಅರೆಗಳಿಗೆ ಒಡೆಯಿತು. ಆಮೇಲೆ ಹಳೇ ಗುಡುಗು ಎದ್ದುಬಂತು. "ಇವನು ಇಲ್ಲೇ ಬಿದ್ದಿರಲಿ."

ಇಲ್ಲೇ, ಇಲ್ಲೇ, ಎಂದಿತು ಬಂಡೆ. ಮೇಷ್ಟ್ರು ತಿದ್ದಲಿಲ್ಲ. ಇನ್‌ಸ್ಪೆಕ್ಟರಮ್ಮ ಮೊಹರಿನ ಪ್ರತಿಯನ್ನು ಮಡಚಿ, ಕಲ್ಲು ಇನ್ನೂ ಬಿಸಿಯಿದೆಯೆಂದು ಅಡಿಯಲ್ಲಿ ಹಾಕಿಕೊಂಡು ಕೂತರು.

ತಂಗಿ ಬೊಗಸೆಯಲ್ಲಿ ಮಣ್ಣು ಹಿಡಿದು ನಡೆದು ಬಂದಳು. ನಾಟಕದ ಪ್ರಕಾರ ಅವಳು ಅದನ್ನು ಸುರಿಯಬೇಕು. ಪಟ್ಟಿಯ ಹತ್ತಿರ ಬಂದು ನಿಂತು ಒಮ್ಮೆ ಇನ್‌ಸ್ಪೆಕ್ಟರಮ್ಮನ ಕಡೆ ನೋಡಿದಳು. ನಾಳೆ ಅಗೆಯುವ ಜಾಗ, ಸಾಕ್ಷಿಯ ಜಾಗ, ಇವತ್ತು ಏನೂ ಬೀಳುವಂತಿಲ್ಲ. ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು.

ಅವಳು ಸೊಂಟದಿಂದ ನೀಲಿ ಬಟ್ಟೆಯ ಚೂರು ತೆಗೆದಳು. ಅಂಗಿ ಹೊಲಿದು ಉಳಿದದ್ದು. ಮಣ್ಣನ್ನು ಒಂದು ಕಣವೂ ಚೆಲ್ಲದೆ ಅದರಲ್ಲಿ ಸುರಿದು ಗಂಟು ಕಟ್ಟಿದಳು.

"ಅಣ್ಣ," ಎಂದು ಕರೆದಳು. ಕೂಗಲಿಲ್ಲ, ಮನೆಯೊಳಗಿಂದ ಊಟಕ್ಕೆ ಕರೆದ ಹಾಗೆ. ಆ ಕ್ವಾರಿಯಲ್ಲಿ ಅಷ್ಟು ಮೆಲ್ಲಗಿನ ದನಿಯೂ ಮೇಲಿನ ಸಾಲಿನವರೆಗೆ ಕೇಳುತ್ತದೆ. "ನಾಳೆ ಬರ್ತೀನಿ."

ಆ ಮಾತು ಮೊಹರಿನ ಪ್ರತಿಯಲ್ಲಿ ಇರಲಿಲ್ಲ.

ಮೇಲಿನ ಸಾಲಿನಲ್ಲಿ ಕಲ್ಲು ಕಡಿಯುವವನೊಬ್ಬ ಎದ್ದು ನಿಂತ. ಆಮೇಲೆ ಅವನ ಪಕ್ಕದವನು. ಆಮೇಲೆ ಇಡೀ ಕ್ವಾರಿ. ನೋಡಲು ಬಂದವರೆಲ್ಲ ನಿಂತಿದ್ದರು, ಕೂತಿದ್ದವರು ಇನ್‌ಸ್ಪೆಕ್ಟರಮ್ಮ ಒಬ್ಬರೇ. ಅವರೂ ಎದ್ದರು. ಅಡಿಯಲ್ಲಿದ್ದ ಕಾಗದ ಗಾಳಿಗೆ ಹಾರಿತು. ಹಿಡಿಯಲು ಯಾರೂ ಹೋಗಲಿಲ್ಲ.